ಒಂದು ಹನಿ ಪೆಟ್ರೋಲ್ ಮತ್ತು ನಮ್ಮ ಓಮ್ನಿ

ದ್ವಿತೀಯ ಪಿಯುಸಿ ತರಗತಿಯಲ್ಲಿ ಸೊಲೆನಾಯ್ಡ್ ಪಾಠ ನಡೆಯುತ್ತಿದ್ದಾಗ ಭೌತಶಾಸ್ತ್ರದ ಸರ್, "ಇದನ್ನು ನೀವು ನಿತ್ಯ ಜೀವನದಲ್ಲಿ ಎಲ್ಲಿ ನೋಡಿದ್ದೀರಿ?" ಎಂದು ಕೇಳಿದರು. ಒಬ್ಬರು ಕಾಲಿಂಗ್ ಬೆಲ್ ಎಂದರು. ಇನ್ನೊಬ್ಬರು ವಾಷಿಂಗ್ ಮೆಷಿನ್ನಿಗೆ ನೀರು ಬಿಡುವ ವಾಲ್ವ್ ಎಂದರು. ನಾನು "ನಮ್ಮ ಓಮ್ನಿಯ ಇಂಜೆಕ್ಟರಿನಲ್ಲಿ" ಎಂದೆ. ಹಿಂದಿನ ಬೆಂಚಿನವರು ನಕ್ಕರು. ಸರ್ ನಗಲಿಲ್ಲ. "ಹಾಗಾದರೆ ಅದನ್ನೇ ಬರೆದು ಕೊಡು, ಪತ್ರಿಕೆಗೆ ಹಾಕೋಣ" ಎಂದರು. ಹಾಗಾಗಿ ಈ ಲೇಖನ. ಗಾಡಿ ರಿಪೇರಿಯ ವಿಷಯ ಎಂದು ಕಲಾ ಮತ್ತು ವಾಣಿಜ್ಯ ವಿಭಾಗದ ಗೆಳೆಯರು ಪುಟ ತಿರುಗಿಸಬೇಡಿ. ನಿಮ್ಮ ಮನೆಯಲ್ಲೂ ಒಂದು ಕಾರೋ ಆಟೋವೋ ಇದ್ದೇ ಇರುತ್ತದೆ.

ನಮ್ಮ ಅಬ್ಬಾ ಬೇಕರಿ ಸಾಮಾನು ಸಾಗಿಸುತ್ತಾರೆ. ಫಜರ್ ನಮಾಝ್ ಮುಗಿಸಿ ಶಿವಮೊಗ್ಗದಲ್ಲಿ ಬ್ರೆಡ್, ಬನ್ನು, ಖಾರಿ ತುಂಬಿಕೊಂಡು ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾರಿಯಲ್ಲಿ ಅಂಗಡಿ ಅಂಗಡಿಗೆ ಇಳಿಸುತ್ತಾ ತೀರ್ಥಹಳ್ಳಿಯವರೆಗೆ ಹೋಗಿ ಬರುತ್ತಾರೆ. ಅದಕ್ಕೆ ಇರುವುದು ಒಂದು ಹಳೆಯ ಮಾರುತಿ ಓಮ್ನಿ. ಕಂಪನಿ ಈ ಗಾಡಿಯ ತಯಾರಿಕೆಯನ್ನು 2019ರಲ್ಲೇ ನಿಲ್ಲಿಸಿತು. ಆದರೂ ಮಲೆನಾಡಿನ ರಸ್ತೆಗಳಲ್ಲಿ ಅದು ಇನ್ನೂ ಸಾಕಷ್ಟು ಓಡಾಡುತ್ತಿದೆ.

ಕಳೆದ ರಂಜಾನಿಗೆ ಎರಡು ವಾರ ಮೊದಲು ಅದಕ್ಕೆ ಒಂದು ವಿಚಿತ್ರ ರೋಗ ಶುರುವಾಯಿತು. ಬೆಳಿಗ್ಗೆ ಮನೆಯ ಮುಂದೆ ಸ್ಟಾರ್ಟ್ ಆಗಲು ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ಸ್ಟಾರ್ಟ್ ಆದಮೇಲೆ ಸೈಲೆನ್ಸರಿನಿಂದ ಒಂದಿಷ್ಟು ಕಪ್ಪು ಹೊಗೆ ಬರುತ್ತಿತ್ತು, ಆಮೇಲೆ ಎಲ್ಲ ಸರಿ. ದಾರಿಯಲ್ಲಿ ಐದು ನಿಮಿಷ ನಿಲ್ಲಿಸಿ ಹೊರಟರೆ ತೊಂದರೆಯಿಲ್ಲ. ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಅದೇ ಪಾಡು. ಓಮ್ನಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಹಾಗಾಗಿ ಗಾಡಿಯೊಳಗೇ ಪೆಟ್ರೋಲ್ ವಾಸನೆ. ಬನ್ನಿಗೂ ವಾಸನೆ ಹತ್ತಿದೆ ಎಂದು ಮಂಡಗದ್ದೆಯ ಒಬ್ಬ ಅಂಗಡಿಯವರು ಒಂದು ಟ್ರೇ ವಾಪಸ್ ಕಳಿಸಿದರು.

ಅಬ್ಬಾ ಹತ್ತಿರದ ಒಂದು ಗ್ಯಾರೇಜಿಗೆ ತೋರಿಸಿದರು. ಅಲ್ಲಿ ಮೊದಲು ಪ್ಲಗ್ ಬದಲಿಸಿದರು. ನಾಲ್ಕು ದಿನದ ನಂತರ ಬ್ಯಾಟರಿ ಹೊಸದು ಹಾಕಿದರು. ಅದೂ ಫಲ ಕೊಡದಿದ್ದಾಗ "ಇಸಿಎಂ ಹೋಗಿದೆ, ಬದಲಿಸಬೇಕು" ಎಂದರು. ಇಸಿಎಂ ಎಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್. ಅವರು ಹೇಳಿದ ಮೊತ್ತ ನನ್ನ ಒಂದು ವರ್ಷದ ಕಾಲೇಜು ಫೀಸಿಗಿಂತ ಹೆಚ್ಚು. ಆ ರಾತ್ರಿ ಅಮ್ಮಿ ಹೆಚ್ಚು ಮಾತಾಡಲಿಲ್ಲ, ಲೆಕ್ಕದ ಪುಸ್ತಕ ಮಾತ್ರ ತೆರೆದು ಕೂತಿದ್ದರು.

ಮುಂದಿನದನ್ನು ಹೇಳುವ ಮೊದಲು ಇಂಜೆಕ್ಟರ್ ಎಂದರೇನು ಎಂದು ಹೇಳಿಬಿಡುತ್ತೇನೆ.

ಹಳೆಯ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಇರುತ್ತಿತ್ತು. ಒಳಗೆ ಎಳೆದುಕೊಳ್ಳುವ ಗಾಳಿಯೇ ತನ್ನ ವೇಗದಿಂದ ಪೆಟ್ರೋಲನ್ನು ಹೀರಿಕೊಂಡು ಹೋಗುವ ವ್ಯವಸ್ಥೆ ಅದು. ಪ್ರಥಮ ಪಿಯುಸಿಯ ಬರ್ನೌಲಿ ತತ್ವ ನೆನಪಿರಬಹುದು. ಎಂಪಿಎಫ್ಐ ಗಾಡಿಗಳಲ್ಲಿ ಹಾಗಲ್ಲ. ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ಇಂಜಿನ್ ಬಳಿಯ ಒಂದು ಕೊಳವೆಗೆ ತುಂಬುತ್ತದೆ. ಇದಕ್ಕೆ ಫ್ಯುಯಲ್ ರೇಲ್ ಎನ್ನುತ್ತಾರೆ. ಕಾರಿನ ಟಯರಿನಲ್ಲಿ ಇರುವುದು ಸುಮಾರು 2 ಬಾರ್. ಅಂದರೆ ಟಯರಿಗಿಂತ ಒಂದೂವರೆ ಪಟ್ಟು ಒತ್ತಡ ಆ ಸಣ್ಣ ಕೊಳವೆಯಲ್ಲಿ ಸದಾ ಕಾದು ನಿಂತಿರುತ್ತದೆ. ರೇಲಿನಿಂದ ಪ್ರತಿ ಸಿಲಿಂಡರಿಗೆ ಒಂದರಂತೆ ಇಂಜೆಕ್ಟರ್. ನಮ್ಮ ಓಮ್ನಿಗೆ ಮೂರು ಸಿಲಿಂಡರ್, ಮೂರು ಇಂಜೆಕ್ಟರ್.

ಇಂಜೆಕ್ಟರ್ ಹೆಬ್ಬೆರಳಿನಷ್ಟು ಉದ್ದದ ಒಂದು ವಾಲ್ವ್. ಒಳಗೆ ತಾಮ್ರದ ತಂತಿ ಸುತ್ತಿದ ಸೊಲೆನಾಯ್ಡ್, ಅದರ ಮಧ್ಯೆ ಒಂದು ಸೂಜಿ, ಸೂಜಿಯನ್ನು ಕೆಳಕ್ಕೆ ಒತ್ತಿ ಹಿಡಿಯುವ ಸ್ಪ್ರಿಂಗ್. ಕರೆಂಟ್ ಹರಿದಾಗ ಕಾಂತಕ್ಷೇತ್ರ ಸೂಜಿಯನ್ನು ಮೇಲಕ್ಕೆ ಎಳೆಯುತ್ತದೆ. ಎತ್ತರ ಎಂದರೆ ಹೆಚ್ಚಿಲ್ಲ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಆ ಸಂದಿಯಲ್ಲಿ ಪೆಟ್ರೋಲ್ ಮಂಜಿನಂತೆ ಚಿಮ್ಮುತ್ತದೆ. ಕರೆಂಟ್ ನಿಂತೊಡನೆ ಸ್ಪ್ರಿಂಗ್ ಸೂಜಿಯನ್ನು ಮತ್ತೆ ಸೀಟಿನ ಮೇಲೆ ಕೂರಿಸುತ್ತದೆ. ಇಂಜಿನ್ ನಿಂತಲ್ಲೇ ಓಡುವಾಗ ಈ ತೆರೆದು ಮುಚ್ಚುವ ಕೆಲಸಕ್ಕೆ ಸಿಗುವುದು ಸುಮಾರು 2ರಿಂದ 3 ಮಿಲಿಸೆಕೆಂಡ್. ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಳ್ಳಿ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಸಲ ಪೆಟ್ರೋಲ್ ಬೇಕು. ಅಂದರೆ ನಿಮಿಷಕ್ಕೆ 450 ಸಲ, ಸೆಕೆಂಡಿಗೆ ಏಳೂವರೆ ಸಲ. ಕಿವಿಗೊಟ್ಟರೆ ಟಿಕ್ ಟಿಕ್ ಎಂದು ಕೇಳಿಸುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಓಮ್ನಿ ಇಂಜಿನ್ 796 ಸಿಸಿ. ಮೂರರಿಂದ ಭಾಗಿಸಿದರೆ ಒಂದು ಸಿಲಿಂಡರಿಗೆ ಸುಮಾರು 265 ಸಿಸಿ. ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಹಾಗಾದರೆ ಸಿಲಿಂಡರ್ ಪೂರ್ತಿ ತುಂಬಿದರೂ ಅದರಲ್ಲಿರುವ ಗಾಳಿ 0.32 ಗ್ರಾಂ ಮಾತ್ರ. ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಬೇಕು. ಭಾಗಿಸಿ ನೋಡಿ: 0.022 ಗ್ರಾಂ. ಗಾತ್ರದಲ್ಲಿ 0.03 ಮಿಲಿಲೀಟರ್. ಹೆಚ್ಚು ಕಡಿಮೆ ಒಂದು ಹನಿ! ಅದೂ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ನಿಂತಲ್ಲೇ ಓಡುವಾಗ ಒಂದು ಹನಿಯೂ ಬೇಡ.

ಇಂಜಿನ್ ಆಫ್ ಆದಮೇಲೆ ಇಂಜೆಕ್ಟರಿನಿಂದ ಹತ್ತು ಹನಿ ಜಿನುಗಿದರೆ ಏನಾಗುತ್ತದೆ ಎಂದು ಈಗ ನೀವೇ ಹೇಳಬಲ್ಲಿರಿ. ಹತ್ತು ಸುತ್ತಿನ ಊಟ ಒಂದೇ ತಟ್ಟೆಗೆ ಬಿದ್ದಂತೆ. ಪೆಟ್ರೋಲ್ ಜಾಸ್ತಿಯಾದರೆ ಚೆನ್ನಾಗಿ ಉರಿಯಬೇಕಲ್ಲವೇ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಉರಿಯುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಒಂದು ಮಿತಿ ದಾಟಿದರೆ ಕಿಡಿ ಹಾರಿದರೂ ಹೊತ್ತಿಕೊಳ್ಳುವುದಿಲ್ಲ. ಅದರ ಮೇಲೆ ಪ್ಲಗ್ಗಿನ ತುದಿಯೇ ಒದ್ದೆಯಾದರೆ ಕಿಡಿ ಕೂಡ ಸರಿಯಾಗಿ ಹಾರದು. ಇದನ್ನೇ ಮೆಕ್ಯಾನಿಕ್‌ಗಳು "ಓವರ್‌ಫ್ಲೋ ಆಗಿದೆ" ಎನ್ನುವುದು.

ನಮ್ಮ ಮಾಮುವಿಗೆ ಭದ್ರಾವತಿಯಲ್ಲಿ ಸಣ್ಣ ಗ್ಯಾರೇಜ್ ಇದೆ. ರಂಜಾನಿನ ಮೊದಲ ವಾರದ ಒಂದು ಬೆಳಿಗ್ಗೆ ಅವರಿಗೆ ಫೋನ್ ಮಾಡುವ ಪರಿಸ್ಥಿತಿ ಬಂತು. ಅದಕ್ಕೆ ಕಾರಣ ನಾನೇ. ಸಹ್ರಿ ಮುಗಿಸಿ ಅಬ್ಬಾ ಮಸೀದಿಗೆ ಹೋಗಿದ್ದರು. ಬರುವಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿಟ್ಟರೆ ಅವರಿಗೆ ಸುಲಭ ಎಂದುಕೊಂಡು ಕೀ ತಿರುಗಿಸಿದೆ. ಆಗಲಿಲ್ಲ. ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಹೀಗೆ ಹತ್ತು ಹದಿನೈದು ಸಲ. ನನಗೆ ಆಗ ಗೊತ್ತಿಲ್ಲದಿದ್ದ ಸಂಗತಿ ಏನೆಂದರೆ, ಕೀ ಆನ್ ಮಾಡಿದ ಪ್ರತಿ ಸಲವೂ ಪಂಪು ಎರಡು ಮೂರು ಸೆಕೆಂಡ್ ಓಡಿ ರೇಲಿಗೆ ಮತ್ತೆ ಪೂರ್ಣ ಒತ್ತಡ ತುಂಬುತ್ತದೆ. ಇಂಜೆಕ್ಟರ್ ಸೋರುತ್ತಿದ್ದರೆ, ಹನಿ ಬಿದ್ದು ಒತ್ತಡ ಇಳಿದು ಸೋರಿಕೆ ತಾನಾಗಿ ನಿಲ್ಲಬೇಕಾದ ಹೊತ್ತಿಗೆ ನಾನು ಮತ್ತೆ ಮತ್ತೆ ತುಂಬಿಕೊಡುತ್ತಿದ್ದೆ. ಕೊನೆಗೆ ಸೆಲ್ಫ್ ಹೊಡೆದರೆ ಇಂಜಿನ್ ಭಾರ ಎತ್ತುವವರಂತೆ ಏದುಸಿರು ಬಿಡುತ್ತಾ ತಿರುಗತೊಡಗಿತು.

ಅಬ್ಬಾ ಬಂದು ಪಕ್ಕದ ಮನೆಯವರನ್ನು ಕರೆದು ತಳ್ಳಿ ಸ್ಟಾರ್ಟ್ ಮಾಡೋಣ ಎಂದರು. ಅದಕ್ಕೂ ಮೊದಲು ಮಾಮುವಿಗೆ ಒಂದು ಮಾತು ಕೇಳೋಣ ಎಂದು ನಾನು ಫೋನ್ ಮಾಡಿದೆ. ಇಂಜಿನ್ ಬಿಗಿಯಾಗಿ ತಿರುಗುತ್ತಿದೆ, ಪೆಟ್ರೋಲ್ ವಾಸನೆ ಜೋರಾಗಿದೆ ಎಂದೊಡನೆ ಅವರ ಧ್ವನಿ ಬದಲಾಯಿತು. "ಭಾಯಿಗೆ ಹೇಳು, ತಳ್ಳಬೇಡಿ ಅಂತ. ಕೀ ಮುಟ್ಟಬೇಡಿ. ಗಾಡಿಯ ಬಾಗಿಲು ತೆಗೆದಿಡಿ, ಹತ್ತಿರ ಯಾರೂ ಬೀಡಿ ಸಿಗರೇಟ್ ಹಚ್ಚಬಾರದು. ನಾನು ಬರುತ್ತೇನೆ."

ಅವರು ಯಾಕೆ ಅಷ್ಟು ಹೆದರಿದರು ಎಂಬುದಕ್ಕೂ ಒಂದು ಲೆಕ್ಕವಿದೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ. ದ್ರವ ಕುಗ್ಗುವುದಿಲ್ಲ ಎಂದೇ ಹೇಳಬೇಕು. ಕಂಪ್ರೆಷನ್ ಅನುಪಾತ ಸುಮಾರು 9 ಎಂದುಕೊಂಡರೆ, ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ 265ನ್ನು 8ರಿಂದ ಭಾಗಿಸಿದಷ್ಟು, ಅಂದರೆ 33 ಸಿಸಿ. ಎರಡು ದೊಡ್ಡ ಚಮಚೆಯಷ್ಟು. ಅದಕ್ಕಿಂತ ಹೆಚ್ಚು ಪೆಟ್ರೋಲ್ ಒಳಗೆ ನಿಂತಿದ್ದರೆ ಪಿಸ್ಟನ್ ಮೇಲೆ ಬರಲು ಜಾಗವೇ ಇಲ್ಲ. ಸ್ಟಾರ್ಟರ್ ಮೋಟರ್ ಆದರೆ ಸುಮ್ಮನೆ ನಿಂತುಬಿಡಬಹುದು. ನಾಲ್ಕು ಜನ ತಳ್ಳಿ, ಗೇರ್ ಹಾಕಿ ಕ್ಲಚ್ ಬಿಟ್ಟರೆ ಇಡೀ ಗಾಡಿಯ ತೂಕ ಆ ಪಿಸ್ಟನ್ನನ್ನು ಮೇಲಕ್ಕೆ ಒತ್ತುತ್ತದೆ. ಬಾಗುವುದು ಕನೆಕ್ಟಿಂಗ್ ರಾಡ್. ಆಮೇಲೆ ಇಂಜಿನ್ ಪೂರ್ತಿ ಬಿಚ್ಚಬೇಕು.

ಮಾಮು ಬೈಕಿನಲ್ಲಿ ಚೀಲದ ತುಂಬಾ ಪಾನಾ ಹಾಕಿಕೊಂಡು ಬಂದರು. ಬಂದವರೇ ಬಾನೆಟ್ ಕಡೆ ಹೋಗಲಿಲ್ಲ, ಪ್ರಶ್ನೆ ಕೇಳತೊಡಗಿದರು. ಯಾವಾಗ ತೊಂದರೆ? ಎಷ್ಟು ಹೊತ್ತು ನಿಂತಮೇಲೆ? ಹೊಗೆ ಯಾವ ಬಣ್ಣ? ಆಕ್ಸಿಲರೇಟರ್ ಒತ್ತಿ ಹಿಡಿದರೆ ಸ್ಟಾರ್ಟ್ ಆಗುತ್ತದೋ? ಅಬ್ಬಾ "ಕಾಲಿನಿಂದ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುತ್ತೇನೆ" ಎಂದಾಗ ಮಾಮು ನಕ್ಕರು. ಅದು ಕಾರ್ಬ್ಯುರೇಟರ್ ಕಾಲದ ಅಭ್ಯಾಸ. ಆಗ ಪೆಡಲ್ ಒತ್ತಿದ ಪ್ರತಿ ಸಲ ಒಂದಿಷ್ಟು ಪೆಟ್ರೋಲ್ ಚಿಮ್ಮುತ್ತಿತ್ತು. ಈಗಿನ ಗಾಡಿಯಲ್ಲಿ ಹಾಗೆ ಮಾಡಿದರೆ ಪ್ರಯೋಜನವಿಲ್ಲ. ಓವರ್‌ಫ್ಲೋ ಆದಾಗ ಪೆಡಲನ್ನು ಪೂರ್ತಿ ಒತ್ತಿ ಹಾಗೇ ಹಿಡಿದು ಸೆಲ್ಫ್ ಹೊಡೆಯಬೇಕು. ಬಹಳಷ್ಟು ಗಾಡಿಗಳ ಇಸಿಎಂ ಅದನ್ನು ಕಂಡು ಇಂಜೆಕ್ಟರುಗಳನ್ನು ಮುಚ್ಚಿಯೇ ಇಡುತ್ತದೆ. ಬರೀ ಗಾಳಿ ಹೋಗಿ ಒಳಗಿನ ಹೆಚ್ಚುವರಿ ಪೆಟ್ರೋಲ್ ಹೊರಬೀಳುತ್ತದೆ. ಆದರೆ ಇಂಜಿನ್ ಬಿಗಿಯಾಗಿ ತಿರುಗುತ್ತಿರುವಾಗ ಅದನ್ನೂ ಮಾಡಬಾರದು, ಮೊದಲು ಪ್ಲಗ್ ಬಿಚ್ಚಬೇಕು ಎಂದು ಮಾಮು ಒತ್ತಿ ಹೇಳಿದರು.

ಮೂರೂ ಪ್ಲಗ್ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಒಂದು ಮತ್ತು ಮೂರನೆಯದು ಮಾರಿ ಬಿಸ್ಕತ್ತಿನ ಬಣ್ಣ. ಎರಡನೆಯದು ಕಪ್ಪು, ಒದ್ದೆ, ಮೂಗಿಗೆ ಹಿಡಿದರೆ ಪೆಟ್ರೋಲ್. ಮಾಮು ಮುಖ ಅರಳಿತು. ರೋಗ ಅರ್ಧ ಸಿಕ್ಕಿತು ಎಂದರು.

ಇದು ಹೇಗೆ ಎಂದು ಸ್ವಲ್ಪ ವಿವರಿಸಬೇಕು, ಏಕೆಂದರೆ ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿಯಾಗಲು ಹತ್ತು ಕಾರಣ ಇರಬಹುದು. ಉದಾಹರಣೆಗೆ ಶೀತಕ ನೀರಿನ ತಾಪಮಾನ ಅಳೆಯುವ ಸೆನ್ಸರ್. ಅದು ಒಂದು ಥರ್ಮಿಸ್ಟರ್, ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ. ಅದರ ತಂತಿ ತುಂಡಾದರೆ ರೋಧ ಅನಂತ. ಇಸಿಎಂ ಅದನ್ನು ವಿಪರೀತ ಚಳಿ ಎಂದು ಓದಿಕೊಂಡು ಹೆಚ್ಚು ಪೆಟ್ರೋಲ್ ಕೊಡಬಹುದು. ರೇಲಿನ ಒತ್ತಡ ಕಾಯುವ ರೆಗ್ಯುಲೇಟರ್ ಕೆಟ್ಟರೆ ಒತ್ತಡ ಏರಿ ಪೆಟ್ರೋಲ್ ಜಾಸ್ತಿಯಾಗಬಹುದು. ಏರ್ ಫಿಲ್ಟರ್ ಕಟ್ಟಿರಬಹುದು. ಆದರೆ ಸೆನ್ಸರ್ ಮೂರೂ ಸಿಲಿಂಡರಿಗೆ ಒಂದೇ. ರೆಗ್ಯುಲೇಟರ್ ಒಂದೇ. ಫಿಲ್ಟರ್ ಒಂದೇ. ಅವುಗಳಲ್ಲಿ ದೋಷವಿದ್ದರೆ ಮೂರು ಪ್ಲಗ್ಗೂ ಕಪ್ಪಾಗಬೇಕಿತ್ತು. ಒಂದೇ ಒದ್ದೆಯಾಗಿದೆ ಎಂದರೆ ಆ ಸಿಲಿಂಡರಿಗೆ ಮಾತ್ರ ಸೇರಿದ ವಸ್ತುವಿನಲ್ಲಿ ದೋಷ. ಅಲ್ಲಿಗೆ ಉಳಿಯುವುದು ಮೂರು: ಆ ಸಿಲಿಂಡರಿನ ಕಿಡಿ, ಆ ಸಿಲಿಂಡರಿನ ಇಂಜೆಕ್ಟರ್, ಅಥವಾ ಆ ಇಂಜೆಕ್ಟರಿನ ತಂತಿ.

ಕಾಯಿಲ್‌ಗಳ ಕನೆಕ್ಟರ್ ಮತ್ತು ಇಂಜೆಕ್ಟರುಗಳ ಕನೆಕ್ಟರ್ ಕಳಚಿ, ಪ್ಲಗ್ಗಿನ ತೂತುಗಳ ಮೇಲೆ ದಪ್ಪ ಬಟ್ಟೆ ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿ ಮಾಮು ಒಮ್ಮೆ ಸೆಲ್ಫ್ ಹೊಡೆದರು. ಎರಡನೆಯ ತೂತಿನಿಂದ ಪೆಟ್ರೋಲ್ ಪಿಚಕಾರಿಯಂತೆ ಬಂದು ಬಟ್ಟೆ ತೊಯ್ದಿತು. ಆ 33 ಸಿಸಿ ತುಂಬಿರಲಿಲ್ಲ. ಅದೃಷ್ಟ. ಆದರೆ ಆ ದಾರಿಯಲ್ಲೇ ಇತ್ತು.

ಆಮೇಲೆ ಆಯಿಲ್ ಕಡ್ಡಿ ಎಳೆದು ತೋರಿಸಿದರು. ಮಟ್ಟ ಮೇಲಿನ ಗೆರೆಗಿಂತಲೂ ಮೇಲೆ. ಅಬ್ಬಾಗೆ ಆಶ್ಚರ್ಯ, ಆಯಿಲ್ ಹಾಕಿಯೇ ಇಲ್ಲವಲ್ಲ! ಹೆಚ್ಚಿದ್ದು ಆಯಿಲ್ ಅಲ್ಲ, ಪೆಟ್ರೋಲ್. ಸಿಲಿಂಡರಿನ ಗೋಡೆಗೆ ಹಚ್ಚಿಕೊಂಡ ಆಯಿಲ್ ಪದರವನ್ನು ತೊಳೆದುಕೊಂಡು, ಪಿಸ್ಟನ್ ರಿಂಗಿನ ಸಂದಿಯಲ್ಲಿ ಇಳಿದು ಅದು ಕೆಳಗಿನ ಆಯಿಲ್‌ಗೆ ಸೇರಿತ್ತು. ಬೆರಳಿಗೆ ತಾಗಿಸಿದರೆ ನೀರಿನಂತೆ ತೆಳು. ಇಂಥ ಆಯಿಲ್‌ನಲ್ಲಿ ತಿಂಗಳುಗಟ್ಟಲೆ ಓಡಿಸಿದರೆ ಬೇರಿಂಗ್‌ಗಳು ಸವೆಯುತ್ತವೆ. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದೊಂದೇ ಎಂದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಕಡ್ಡಿ ಎಳೆದು ಮಟ್ಟ ನೋಡಿ, ಮೂಸಿ ನೋಡಿ. ಆಯಿಲ್ ಕಡಿಮೆಯಾದರೆ ಎಲ್ಲರೂ ಚಿಂತೆ ಮಾಡುತ್ತಾರೆ, ಹೆಚ್ಚಾದರೆ ಯಾರೂ ಮಾಡುವುದಿಲ್ಲ.

ಒಳಗೆ ಒಣಗಲು ಬಿಟ್ಟು, ಆಯಿಲ್ ಬದಲಿಸಿ, ಪ್ಲಗ್ ಒರೆಸಿ ಹಾಕಿದರು. ಹಾಕುವಾಗ ಒಂದು ಸಣ್ಣ ಉಪಾಯ ಮಾಡಿದರು. ಎರಡನೆಯ ಪ್ಲಗ್ಗನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ. ಗಾಡಿ ಸ್ಟಾರ್ಟ್ ಆಯಿತು. ಮಧ್ಯಾಹ್ನ ಭದ್ರಾವತಿಯ ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ಒದ್ದೆಯಾಗಿದ್ದು ಮತ್ತೆ ಎರಡನೆಯ ಸಿಲಿಂಡರಿನದೇ. ದೋಷ ಪ್ಲಗ್ಗಿನ ಜೊತೆ ಹೋಗಲಿಲ್ಲ, ಸಿಲಿಂಡರಿನಲ್ಲೇ ಉಳಿಯಿತು. ಪ್ರಯೋಗಾಲಯದಲ್ಲಿ ನಾವು ಒಂದೇ ಅಂಶವನ್ನು ಬದಲಿಸಿ ಉಳಿದವನ್ನು ಹಾಗೇ ಇಡುತ್ತೇವಲ್ಲ, ಇದು ಅದೇ. ಮಾಮು ಎಸ್ಸೆಸ್ಸೆಲ್ಸಿ ನಂತರ ಓದಿಲ್ಲ.

ಸ್ಕ್ಯಾನರ್ ಹಾಕಿ ನೋಡಿದಾಗ ಯಾವ ಕೋಡೂ ಬರಲಿಲ್ಲ. ಸ್ಕ್ಯಾನರ್ ಎಲ್ಲವನ್ನೂ ಹೇಳುತ್ತದೆ ಎಂದು ನಾನು ಭಾವಿಸಿದ್ದೆ. ಇಸಿಎಂಗೆ ಗೊತ್ತಾಗುವುದು ತಂತಿಯಲ್ಲಿ ನಡೆಯುವ ಸಂಗತಿ. ಸೂಜಿ ಸೀಟಿನ ಮೇಲೆ ಸರಿಯಾಗಿ ಕೂತಿದೆಯೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಗಾಡಿ ಓಡುವಾಗ ಸೈಲೆನ್ಸರ್ ದಾರಿಯ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಹೆಚ್ಚಿದೆ ಎಂದು ವರದಿ ಮಾಡುತ್ತದೆ ನಿಜ. ಆದರೆ ಅದಕ್ಕೆ ಸಿಗುವುದು ಮೂರೂ ಸಿಲಿಂಡರಿನ ಮಿಶ್ರ ಹೊಗೆ. ಆಗ ಇಸಿಎಂ ಮೂರಕ್ಕೂ ಸ್ವಲ್ಪ ಸ್ವಲ್ಪ ಕಡಿಮೆ ಕೊಡುತ್ತದೆ. ತಪ್ಪು ಮಾಡಿದ್ದು ಒಬ್ಬ, ಉಪವಾಸ ಮೂವರಿಗೂ.

ಈಗ ಮುಖ್ಯ ಪ್ರಶ್ನೆ. ಸೂಜಿ ತೆರೆದೇ ಇರಲು ಯಾಂತ್ರಿಕ ಕಾರಣವೋ ವಿದ್ಯುತ್ ಕಾರಣವೋ? ಇಂಜೆಕ್ಟರಿನ ಒಂದು ತಂತಿಗೆ ಕೀ ಆನ್ ಇರುವಷ್ಟು ಹೊತ್ತೂ 12 ವೋಲ್ಟ್ ಬರುತ್ತಿರುತ್ತದೆ. ಇಸಿಎಂ ಮಾಡುವುದು ಎರಡನೆಯ ತಂತಿಯನ್ನು ಟ್ರಾನ್ಸಿಸ್ಟರ್ ಮೂಲಕ ಅರ್ಥ್‌ಗೆ ಸೇರಿಸಿ ಬಿಡುವ ಕೆಲಸ. ಆ ಎರಡನೆಯ ತಂತಿಯ ಪ್ಲಾಸ್ಟಿಕ್ ಸವೆದು ಬಾಡಿಗೆ ತಾಗಿದರೆ, ಅಥವಾ ಟ್ರಾನ್ಸಿಸ್ಟರ್ ಶಾರ್ಟ್ ಆದರೆ, ಕೀ ಆನ್ ಮಾಡಿದೊಡನೆ ಇಂಜೆಕ್ಟರ್ ತೆರೆದುಕೊಂಡು ಹಾಗೇ ಉಳಿಯುತ್ತದೆ. ಮೊದಲ ಗ್ಯಾರೇಜಿನವರು ಇಸಿಎಂ ಹೋಗಿದೆ ಎಂದಿದ್ದು ಪೂರ್ತಿ ಅಸಂಬದ್ಧವಲ್ಲ. ಅಂಥ ದೋಷ ಇದೆ. ಆದರೆ ಅವರು ಪರೀಕ್ಷಿಸಿರಲಿಲ್ಲ.

ಪರೀಕ್ಷೆ ಎರಡು ನಿಮಿಷದ್ದು. ಇಂಜೆಕ್ಟರಿನ ಕನೆಕ್ಟರ್ ಕಳಚಿ ಅದರ ಬಾಯಿಗೆ ಒಂದು ಸಣ್ಣ ಪರೀಕ್ಷಾ ಬಲ್ಬ್ ಸಿಕ್ಕಿಸಬೇಕು. ಸೆಲ್ಫ್ ಹೊಡೆದಾಗ ಬಲ್ಬ್ ಮಿಣುಕಿದರೆ ಇಸಿಎಂ ಮತ್ತು ತಂತಿ ಚೆನ್ನಾಗಿವೆ. ಬಿಟ್ಟೂಬಿಡದೆ ಉರಿದರೆ ಶಾರ್ಟ್. ನಾನೇ ಬಲ್ಬ್ ಹಿಡಿದು ಕೂತೆ. ಮಿಣುಕಿತು. ಅಬ್ಬಾ ಏನೂ ಹೇಳಲಿಲ್ಲ, ಒಂದು ಸ್ಟೂಲ್ ಎಳೆದುಕೊಂಡು ಕೂತರು. ಮಲ್ಟಿಮೀಟರಿನಲ್ಲಿ ಮೂರು ಇಂಜೆಕ್ಟರಿನ ರೋಧವನ್ನೂ ಅಳೆದೆವು. ಮೂರೂ 14 ಓಮ್ ಆಸುಪಾಸು. ಓಮನ ನಿಯಮದಂತೆ ಕರೆಂಟ್ 0.86 ಆಂಪಿಯರ್. ಸುರುಳಿಯಲ್ಲಿ ದೋಷವಿಲ್ಲ. ಸೋರಿಕೆ ಇದೆಯೋ ಇಲ್ಲವೋ ಎಂಬುದನ್ನು ಈ ಅಳತೆ ಹೇಳುವುದಿಲ್ಲ.

ನಂತರ ರೇಲಿಗೆ ಒತ್ತಡದ ಮೀಟರ್ ಜೋಡಿಸಿದರು. ಕೀ ಆನ್ ಮಾಡಿದಾಗ ಮುಳ್ಳು 3ರ ಹತ್ತಿರ ಹೋಯಿತು. ಆಫ್ ಮಾಡಿದಮೇಲೆ ಚೆನ್ನಾಗಿರುವ ಗಾಡಿಯಲ್ಲಿ ಅದು ನಿಧಾನವಾಗಿ ಇಳಿಯಬೇಕು. ನಮ್ಮದು ಕೆಲವೇ ನಿಮಿಷದಲ್ಲಿ ಅರ್ಧಕ್ಕೆ ಇಳಿಯಿತು. "ಹಾಗಾದರೆ ಇಂಜೆಕ್ಟರೇ!" ಎಂದೆ. ಮಾಮು ತಲೆ ಅಲ್ಲಾಡಿಸಿದರು. ಪಂಪಿನೊಳಗೆ ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇದೆ, ಅದು ಸೋರಿದರೂ ಮುಳ್ಳು ಹೀಗೇ ಇಳಿಯುತ್ತದೆ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಕ್ಲಾಂಪಿನಿಂದ ಬಿಗಿಯಾಗಿ ಹಿಸುಕಿ ಮತ್ತೆ ನೋಡಿದರು. ಆಗಲೂ ಇಳಿಯಿತು. ಈಗ ಸೋರಿಕೆ ಕ್ಲಾಂಪಿನಿಂದ ಈಚೆಗೆ, ಇಂಜಿನ್ನಿನ ಕಡೆಗೆ ಇದೆ ಎಂದಾಯಿತು.

ಕೊನೆಯ ಪರೀಕ್ಷೆಯನ್ನು ಗ್ಯಾರೇಜಿನ ಹೊರಗೆ, ಬಯಲಿನಲ್ಲಿ ಮಾಡಿದರು. ದಯವಿಟ್ಟು ಇದನ್ನು ಯಾರೂ ಮನೆಯಲ್ಲಿ ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳಬಲ್ಲಷ್ಟು ಆವಿ ಬಿಡುವ ದ್ರವ ಅದು. ಮಾಮು ಮರಳಿನ ಬಕೆಟ್ ಮತ್ತು ಅಗ್ನಿಶಾಮಕ ಸಿಲಿಂಡರ್ ಪಕ್ಕಕ್ಕೆ ಇಟ್ಟುಕೊಂಡರು. ಇಂಜಿನ್ ತಣ್ಣಗಾಗಿತ್ತು. ಕಾಯಿಲ್ ಕನೆಕ್ಟರ್‌ಗಳು, ಇಂಜೆಕ್ಟರ್ ಕನೆಕ್ಟರ್‌ಗಳು ಎಲ್ಲ ಕಳಚಿದ್ದವು. ಇಂಜೆಕ್ಟರ್ ಸಮೇತ ರೇಲನ್ನು ಮೇಲೆತ್ತಿ, ಒತ್ತಡಕ್ಕೆ ಹಾರಿ ಬೀಳದಂತೆ ತಂತಿಯಿಂದ ಕಟ್ಟಿ, ಒಂದೊಂದರ ಕೆಳಗೂ ಒಣ ರಟ್ಟಿನ ತುಂಡು ಇಟ್ಟರು. ಕೀ ಆನ್. ಒಂದನೆಯದು ಒಣ. ಮೂರನೆಯದು ಒಣ. ಎರಡನೆಯದರ ತುದಿಯಲ್ಲಿ ಒಂದು ಮಣಿ ಮೂಡಿತು, ದಪ್ಪವಾಯಿತು, ಬಿತ್ತು. ಮತ್ತೊಂದು ಮೂಡಿತು. ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ ಇಪ್ಪತ್ತು ಹನಿ. ನಿಮಿಷಕ್ಕೆ ಒಂದು ಹನಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು ಎಂಬುದು ಗ್ಯಾರೇಜುಗಳಲ್ಲಿ ಅನುಸರಿಸುವ ಸಾಮಾನ್ಯ ಅಳತೆ. ತಂತಿ ಕಳಚಿದ್ದರೂ ಸೋರುತ್ತಿದೆ ಎಂದಮೇಲೆ ವಿದ್ಯುತ್ತಿನ ಮೇಲೆ ಯಾವ ಅನುಮಾನವೂ ಉಳಿಯಲಿಲ್ಲ.

ಹದಿನೈದು ನಿಮಿಷ ನಿಂತಾಗಲೇ ಯಾಕೆ ತೊಂದರೆ ಎಂಬುದೂ ಆಗ ಅರ್ಥವಾಯಿತು. ಇಂಜಿನ್ ನಿಲ್ಲಿಸಿದರೆ ನೀರಿನ ಪಂಪೂ ನಿಲ್ಲುತ್ತದೆ, ರೇಡಿಯೇಟರಿಗೆ ಗಾಳಿಯೂ ಇಲ್ಲ. ಸ್ವಲ್ಪ ಹೊತ್ತು ಇಂಜಿನ್ ಸುತ್ತಲಿನ ಶಾಖ ಇಳಿಯುವ ಬದಲು ಏರುತ್ತದೆ. ಸೀಟಿನ ಕೆಳಗೆ ಮುಚ್ಚಿಕೊಂಡಿರುವ ಇಂಜಿನ್ನಿನಲ್ಲಿ ಕೇಳುವುದೇ ಬೇಡ. ರೇಲಿನಲ್ಲಿ ಸಿಕ್ಕಿಕೊಂಡ ಪೆಟ್ರೋಲ್ ಬಿಸಿಯಾಗಿ ಹಿಗ್ಗಿ, ಒತ್ತಡ ಇಳಿಯಲು ಬಿಡದೆ ಹನಿಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಅದೇ ಶಾಖಕ್ಕೆ ಇಂಜೆಕ್ಟರ್ ತುದಿಯ ಪೆಟ್ರೋಲಿನ ಹಗುರ ಅಂಶ ಆರಿ, ಅಂಟಿನಂಥ ಪದರ ಉಳಿಯುತ್ತದೆ. ವರ್ಷಗಟ್ಟಲೆ ಆ ಅಂಟು ಸೇರಿ ಸೂಜಿ ಸರಿಯಾಗಿ ಕೂರದಂತೆ ಮಾಡುತ್ತದೆ. ಅಂಗಡಿ ಅಂಗಡಿಗೆ ನಿಲ್ಲಿಸುವ ಗಾಡಿಗೆ ಈ ರೋಗ ಬೇಗ ಬರುವುದು ಸಹಜ.

ಮಾಮು ಮೂರೂ ಇಂಜೆಕ್ಟರನ್ನು ಅಲ್ಟ್ರಾಸಾನಿಕ್ ಯಂತ್ರವಿರುವ ಪರಿಚಯದವರ ಬಳಿ ಕೊಟ್ಟು ತೊಳೆಸಿದರು. ಪರೀಕ್ಷೆಯಲ್ಲಿ ಎರಡನೆಯದೂ ಪಾಸಾಯಿತು. ಹೊಸ ಓ ರಿಂಗ್ ಹಾಕಿ ಜೋಡಿಸಿದೆವು. ಇಫ್ತಾರಿಗೆ ಮನೆ ಮುಟ್ಟಿದೆವು. ಈದ್‌ವರೆಗೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಈದ್ ಮುಗಿದು ಎರಡು ವಾರಕ್ಕೆ ಮತ್ತೆ ವಾಸನೆ. ಈ ಸಲ ನಾವು ಹೆದರಲಿಲ್ಲ, ಕೀಯನ್ನೂ ತಿರುವಲಿಲ್ಲ. ಆಯಿಲ್ ಕಡ್ಡಿ ಮೂಸಿ, ಎರಡನೆಯ ಪ್ಲಗ್ ನೋಡಿ ಮಾಮುವಿಗೆ ಫೋನ್ ಮಾಡಿದೆವು. "ಮೊದಲೇ ಹೊಸದು ಹಾಕಬೇಕಿತ್ತು, ಖರ್ಚು ಉಳಿಸಲು ಹೋಗಿ ನಾನೇ ತಪ್ಪು ಮಾಡಿದೆ" ಎಂದರು. ಕೊಳೆಯಾದರೆ ತೊಳೆಯಬಹುದು. ಸೂಜಿ ಕೂರುವ ಸೀಟೇ ಸವೆದಿದ್ದರೆ ಯಾವ ಯಂತ್ರವೂ ಅದನ್ನು ಸರಿಮಾಡದು. ಹೊಸ ಇಂಜೆಕ್ಟರ್ ಬಂತು. ಇಸಿಎಂಗೆ ಕೇಳಿದ್ದ ಮೊತ್ತದ ಒಂದು ಸಣ್ಣ ಪಾಲು ಅಷ್ಟೇ. ಅನಗತ್ಯವಾಗಿ ಹಾಕಿದ ಬ್ಯಾಟರಿಯ ದುಡ್ಡು ಮಾತ್ರ ಹೋಯಿತು. ಆ ಬಗ್ಗೆ ಅಮ್ಮಿ ಈಗಲೂ ಮಾತೆತ್ತುತ್ತಾರೆ.

ಸೋರುತ್ತಿದ್ದ ಹಳೆಯ ಇಂಜೆಕ್ಟರನ್ನು ಮಾಮು ಚೆನ್ನಾಗಿ ತೊಳೆದು ಒಣಗಿಸಿ ನನಗೆ ಕೊಟ್ಟರು. ಸರ್ ಒಪ್ಪಿಗೆಯ ಮೇರೆಗೆ ಅದು ಈಗ ಭೌತಶಾಸ್ತ್ರ ಪ್ರಯೋಗಾಲಯದ ಕಪಾಟಿನಲ್ಲಿ, ಸೊಲೆನಾಯ್ಡ್ ಮಾದರಿಯ ಪಕ್ಕದಲ್ಲಿದೆ. 9 ವೋಲ್ಟಿನ ಬ್ಯಾಟರಿಯನ್ನು ಅದರ ಎರಡು ಪಿನ್ನುಗಳಿಗೆ ತಾಗಿಸಿದರೆ ಟಿಕ್ ಎನ್ನುತ್ತದೆ. ತಾಗಿಸಿ ತಕ್ಷಣ ತೆಗೆಯಿರಿ, ಹಿಡಿದೇ ಇದ್ದರೆ ಬಿಸಿಯಾಗುತ್ತದೆ.